ಇದಕ್ಕೆಲ್ಲ ಸ್ಕೋಪ್ ಇದೆಯಾ?

ತುಮಕೂರಿನ ಓದುಗರೊಬ್ಬರ ಪತ್ರ: ‘ಮಗಳು ಪಿಯುಸಿ ಮುಗಿಸಿದ್ದಾಳೆ. ಸೀಟು ಸಿಕ್ಕರೂ ಇಂಜಿನಿಯರಿಂಗ್ ಬೇಡವಂತೆ. ಭೌತಶಾಸ್ತ್ರ ಓದಿ ಗ್ರಹಗಳ ಗುರುತ್ವದ ನಕ್ಷೆ ಮಾಡ್ತಾಳಂತೆ. ಇದಕ್ಕೆಲ್ಲ ಸ್ಕೋಪ್ ಇದೆಯಾ? ನೀವಾದರೂ ಅವಳಿಗೆ ಬುದ್ಧಿ ಹೇಳಿ.’

ನಿಮ್ಮ ಆತಂಕ ಸುಳ್ಳಲ್ಲ. ಈ ದಾರಿಯಲ್ಲಿ ಹುದ್ದೆ ಕಡಿಮೆ, ಕಾಯುವುದು ಜಾಸ್ತಿ. ಆದರೂ ನಾನು ನಿಮ್ಮ ಮಗಳ ಪಕ್ಷ.

ಅಮೆರಿಕದ ಗ್ರಹವಿಜ್ಞಾನಿ ಮರಿಯಾ ಜುಬರ್ ಅವರ ಕತೆ ಕೇಳಿ. ಊರು ಪೆನ್ಸಿಲ್ವೇನಿಯಾ. ಅಜ್ಜಂದಿರಿಬ್ಬರೂ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಮಂಗಳದ ಬೆಟ್ಟ ಕಣಿವೆಗಳನ್ನು ಅಳೆಯುವ ಲೇಸರ್ ಉಪಕರಣಕ್ಕಾಗಿ ಅವರ ತಂಡ ವರ್ಷಗಟ್ಟಲೆ ದುಡಿಯಿತು. ಅದನ್ನು ಹೊತ್ತ ಮಾರ್ಸ್ ಅಬ್ಸರ್ವರ್ ನೌಕೆ 1993ರಲ್ಲಿ, ಇನ್ನೇನು ಮಂಗಳ ತಲುಪಬೇಕು ಅನ್ನುವಾಗ ಸದ್ದಿಲ್ಲದೆ ಕಾಣೆಯಾಯಿತು. ಅವರು ಕೈಚೆಲ್ಲಲಿಲ್ಲ. ಉಪಕರಣ ಮತ್ತೆ ಸಿದ್ಧವಾಗಿ 1996ರಲ್ಲಿ ಹೊರಟಿತು, ಮಂಗಳದ ನಕ್ಷೆ ಬಂತು.

ಆಮೇಲೆ ಚಂದ್ರ. ಅಲ್ಲಿ ಸುತ್ತುವ ನೌಕೆಗಳು ದಾರಿ ತಪ್ಪುವುದೇಕೆ ಅಂತ 1968ರಲ್ಲೇ ನಾಸಾ ವಿಜ್ಞಾನಿಗಳಾದ ಪಾಲ್ ಮುಲ್ಲರ್, ವಿಲಿಯಂ ಶೋಗ್ರೆನ್ ಕಂಡುಹಿಡಿದಿದ್ದರು. ಚಂದ್ರನ ಕಪ್ಪು ಬಯಲುಗಳ ಅಡಿಯಲ್ಲಿ ಭಾರವಾದ ಗಡ್ಡೆಗಳಿವೆ, ಅವು ನೌಕೆಯನ್ನು ಎಳೆಯುತ್ತವೆ. 1972ರಲ್ಲಿ ಅಪೊಲೊ 16 ಬಿಟ್ಟುಬಂದ ಪುಟ್ಟ ಉಪಗ್ರಹ ಈ ಎಳೆತಕ್ಕೆ ಸಿಕ್ಕಿ 35 ದಿನದಲ್ಲೇ ಚಂದ್ರನ ನೆಲಕ್ಕೆ ಬಡಿಯಿತು. ಏನು ಉಪಯೋಗ ಅನ್ನುವವರಿಗೆ ಇಷ್ಟು ಸಾಕು, ಅಲ್ವಾ?

ಸೆಳೆತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ತೋರಿಸುವ ಗುರುತ್ವದ ನಕ್ಷೆಗಾಗಿ 2012ರಲ್ಲಿ ಜುಬರ್ ನೇತೃತ್ವದ ಗ್ರೇಲ್ ಯೋಜನೆಯ ಎರಡು ನೌಕೆಗಳು ಒಂದರ ಹಿಂದೊಂದು ಚಂದ್ರನನ್ನು ಸುತ್ತಿದವು. ಭಾರವಾದ ಜಾಗ ಬಂದಾಗ ಮುಂದಿನದು ಮೊದಲು ಸೆಳೆತಕ್ಕೆ ಸಿಕ್ಕಿ ಅಂತರ ಬದಲಾಗುತ್ತದೆ. ಇನ್ನೂರು ಕಿಲೋಮೀಟರ್ ಆಸುಪಾಸಿನ ಆ ಅಂತರದಲ್ಲಿ ಕೂದಲೆಳೆಗಿಂತ ತೆಳುವಾದ ಬದಲಾವಣೆಯೂ ಸಿಕ್ಕಿಬಿತ್ತು! ಆ ಅಳತೆಯಿಂದಲೇ ಗೊತ್ತಾಯಿತು, ಚಂದ್ರನ ಹೊರಪದರದಲ್ಲಿ ಶೇಕಡಾ 12ರಷ್ಟು ಬರೀ ಬಿರುಕು, ಪೊಳ್ಳು ಜಾಗ.

ನಾವು ಮಾಧ್ಯಮದವರು ಮಾಡುವುದೇನು? ರಾಕೆಟ್ ಹಾರಿದ ದಿನ ಚಪ್ಪಾಳೆ. ನೌಕೆ ಇಳಿದ ದಿನ ಮುಖಪುಟ. ನಂತರ ಹತ್ತು ವರ್ಷ ಕೂತು ಅಂಕಿ ಬಿಡಿಸುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಶಾಲೆಯಲ್ಲೂ ಅಷ್ಟೇ. ಅಳೆಯುವ ಪ್ರಯೋಗಕ್ಕೆ ಇಪ್ಪತ್ತು ನಿಮಿಷ, ಉಳಿದದ್ದೆಲ್ಲ ಕೋಚಿಂಗ್‌ಗೆ. ಕಾಲೇಜು ಬಾಗಿಲಲ್ಲಿ ಮಗುವಿಗೆ ಎದುರಾಗುವ ಮೊದಲ ಪ್ರಶ್ನೆಯೇ ಸ್ಕೋಪು. ಹೀಗಾದರೆ ನಮ್ಮ ನೌಕೆಗಳು ಕಳಿಸುವ ಮಾಹಿತಿ ಓದುವವರು ಎಲ್ಲಿಂದ ಬರಬೇಕು?

ಗ್ರೇಲ್ ಅಳೆದದ್ದೆಲ್ಲ ನಾಸಾದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಈ ರಜೆಯಲ್ಲಿ ಅವಳು ಅದನ್ನು ಬಿಡಿಸಿ ನೋಡಲಿ. ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಸೀಟಿನ ಮಾತು ಆಮೇಲೆ ಆಡೋಣ.

— ಸಂಪಾದಕ