ಬಾತುಕೋಳಿಯ ಕಾಲಿನ ಬಳೆ: ಅರ್ಕನ್ಸಾಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ಅಮೆರಿಕದ ಅರ್ಕನ್ಸಾದ ಸ್ಟಟ್‌ಗಾರ್ಟ್ ಕಡೆಯ ಭತ್ತದ ಗದ್ದೆಯಲ್ಲಿ ಹೊಡೆದ ಬಾತುಕೋಳಿಯ ಕಾಲಲ್ಲಿ ನಂಬರಿರುವ ಬಳೆ ಸಿಕ್ಕಿತು, ಇದರಿಂದ ವೀಸಾಕ್ಕೆ ತೊಂದರೆಯಾದೀತೇ ಎಂದು ಕೇಳಿದ್ದೀಯ. ಹಕ್ಕಿಗಳ ಲೆಕ್ಕಕ್ಕೆಂದು ತೊಡಿಸುವ ಗುರುತಿನ ಬಳೆ ಅದು, ಅದರಿಂದ ಯಾವ ತೊಂದರೆಯೂ ಇಲ್ಲ. ಅದು ನಿನ್ನದೇ, ಇಟ್ಟುಕೊಳ್ಳಬಹುದು.

ಹೆದರಬೇಕಾದ್ದು ಬಂದೂಕಿಗೆ. ನಮ್ಮಂತೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಇಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ, ಸ್ನೇಹಿತನದನ್ನು ಕೈಗೆ ತೆಗೆದುಕೊಂಡರೂ ಅಷ್ಟೇ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿಯುಂಟು. ಲೈಸೆನ್ಸ್ ಜೇಬಲ್ಲೇ ಇರಲಿ. ಅದರ ಜೊತೆಗೆ 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್ (ಬಾತುಕೋಳಿ ಬೇಟೆಯ ಪರವಾನಗಿ ಚೀಟಿ), ರಾಜ್ಯದ ಸ್ಟಾಂಪ್, ವಲಸೆ ಹಕ್ಕಿ ಬೇಟೆಗಾರರ ಸಮೀಕ್ಷೆಯಾದ ಎಚ್‌ಐಪಿ ನೋಂದಣಿ ಬೇಕು. ಬಾತುಕೋಳಿ ಬೇಟೆಗೆ ಸೀಸದ ಗುಂಡು 1991ರಿಂದ ನಿಷಿದ್ಧ, ಸ್ಟೀಲ್ ಹಾಕು. ಬಂದೂಕಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಪ್ಲಗ್ ಇರಬೇಕು. ಮನೆ ಮುಟ್ಟುವವರೆಗೆ ಹಕ್ಕಿಯ ತಲೆಯನ್ನೋ ಗರಿಯಿರುವ ಒಂದು ರೆಕ್ಕೆಯನ್ನೋ ಬಿಡಿಸಬೇಡ.

ಈಗ ಬಳೆ. ಇಕ್ಕಳದಿಂದ ಅಗಲಿಸಬೇಡ, ಮೆತ್ತನೆ ಅಲ್ಯೂಮಿನಿಯಂ, ಅಂಕೆಯ ಮೇಲೇ ಬಿರುಕು ಬಿಡುತ್ತದೆ. ಬಳೆಯ ಮೇಲೆ, ಗಂಟಿನ ಕೆಳಗೆ ಕಾಲು ಕತ್ತರಿಸಿದರೆ ತಾನೇ ಜಾರಿ ಬರುತ್ತದೆ. ಸವೆದಿದ್ದರೆ ಮರಳು ಕಾಗದ ಹಚ್ಚಲೇಬೇಡ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿ, ಅಂಕೆಯ ನೆರಳು ಎದ್ದು ಕಾಣುತ್ತದೆ. ಮೊದಲು ಮೂರು ಅಥವಾ ನಾಲ್ಕು ಅಂಕೆ, ಆಮೇಲೆ ಐದು. ಎಲ್ಲಾ ಕಡೆಯಿಂದ ಫೋಟೋ ತೆಗೆದು ರಿಪೋರ್ಟ್‌ಬ್ಯಾಂಡ್ ಡಾಟ್ ಗವ್‌ನಲ್ಲಿ ನಂಬರು, ತಾರೀಖು, ಜಾಗ, ಹಕ್ಕಿಯ ಜಾತಿ ತುಂಬು. ಅದು ಮೇರಿಲ್ಯಾಂಡಿನಲ್ಲಿರುವ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಗೆ ಹೋಗುತ್ತದೆ. ಯಾರು, ಎಲ್ಲಿ, ಯಾವಾಗ ಬಳೆ ತೊಡಿಸಿದರು, ಆಗ ಹಕ್ಕಿಯ ವಯಸ್ಸೆಷ್ಟು ಎಂದು ಪ್ರಮಾಣಪತ್ರ ಕಳಿಸುತ್ತಾರೆ.

ನನಗೆ ಇಂದಿಗೂ ಚುಚ್ಚುವುದು ಇದೇ. ಹೊಸತರಲ್ಲಿ ಸರ್ಕಾರದ ನಂಬರು ಕಂಡದ್ದೇ ಊರಿನ ಹೆದರಿಕೆ ಎದ್ದಿತು. ನಮ್ಮಲ್ಲಿ ಸರ್ಕಾರಿ ಸೀಲು ಬಿದ್ದದ್ದನ್ನು ಯಾರು ಮುಟ್ಟುತ್ತಾರೆ ಹೇಳು! ಬಳೆಯನ್ನು ಡ್ರಾಯರಿಗೆ ಹಾಕಿ ಹನ್ನೊಂದು ವರ್ಷ ಬಾಯಿಬಿಡಲಿಲ್ಲ. ಕೊನೆಗೆ ತಿಳಿಸಿದಾಗ ತಾರೀಖೂ ಹೋಗಿತ್ತು, ಗದ್ದೆಯೂ ಮರೆತಿತ್ತು. ಬೇಟೆಯ ಕಾಲಕ್ಕೆ ಮೊದಲು, ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಕಾಳು ಹಾಕಿ ಬೋನಿಗೆ ಕೆಡವಿ ಬಾತುಕೋಳಿಗಳಿಗೆ ಬಳೆ ತೊಡಿಸುತ್ತಾರೆ. ಎಷ್ಟು ಬಳೆಗಳ ಸುದ್ದಿ ಬಂತು ಎಂಬುದರ ಮೇಲೆ ಎಷ್ಟು ಹಕ್ಕಿ ಬೇಟೆಗೆ ಬಲಿಯಾದವು ಎಂದು ಲೆಕ್ಕ ಹಾಕಿ, ಮುಂದೆ ದಿನಕ್ಕೆಷ್ಟು ಹೊಡೆಯಬಹುದೆಂದು ತೀರ್ಮಾನಿಸುತ್ತಾರೆ. ನಾವು ಸುಮ್ಮನಿದ್ದರೆ ಸತ್ತ ಹಕ್ಕಿ ಅವರ ಲೆಕ್ಕದಲ್ಲಿ ಸತ್ತೇ ಇಲ್ಲ.

ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿದ್ದೀಯಲ್ಲ. ನಮ್ಮ ರಾಜ್ಯದ ಕೆರೆಗಳಲ್ಲಿ ಮಂಗೋಲಿಯಾದ ಕೊರಳಪಟ್ಟಿ ತೊಟ್ಟವೂ ಕಂಡಿವೆ. ಅಲ್ಲಿ ಹೊಡೆಯುವಂತಿಲ್ಲ, ದುರ್ಬೀನಿನಲ್ಲಿ ನಂಬರು ಓದಿ ತಿಳಿಸುತ್ತಾರೆ. ಕುಯಿಲಾದ ಗದ್ದೆಗೆ ನೀರು ಬಿಟ್ಟಾಗಿನ ಆ ಕೊಳೆತ ಹುಲ್ಲಿನ ವಾಸನೆ ಇಲ್ಲೂ ಅದೇ. ನನಗಂತೂ ಅರ್ಧ ಬೇಟೆ ಆ ವಾಸನೆಗೇ.

ಚಳಿಗೆ ಉಣ್ಣೆ ಸಾಕು. ವೇಡರ್ (ನೀರಿಗಿಳಿಯಲು ತೊಡುವ ಉದ್ದನೆಯ ಬೂಟುಡುಪು) ಹಾಕಿದರೆ ಸೊಂಟದ ಬೆಲ್ಟ್ ಬಿಗಿ ಇರಲಿ, ಇಲ್ಲದಿದ್ದರೆ ಬಿದ್ದಾಗ ಒಳಗೆ ನೀರು ತುಂಬುತ್ತದೆ. ಮಾಂಸಕ್ಕೆ ನಾಟಿಕೋಳಿ ಮಸಾಲೆಯೇ ಸರಿ, ಒಳಗೆ ಉಳಿದ ಛರ್ರೆ (ಗುಂಡಿನ ಸಣ್ಣ ಕಾಳು) ಮಾತ್ರ ಬೆರಳಲ್ಲಿ ಹುಡುಕಿ ತೆಗೆ. ಬಳೆಯ ಫಾರಂ ಇವತ್ತು ರಾತ್ರಿಯೇ ತುಂಬು. ಗದ್ದೆಯಲ್ಲಿ ತೆಗೆದ ಫೋಟೋ ಫೋನಿನಲ್ಲಿದ್ದರೆ ಜಾಗವೂ ತಾರೀಖೂ ಅದರಲ್ಲೇ ಸಿಗುತ್ತವೆ.