ಹಳೆಯ ರಿವಾಲ್ವರ್ ಕೊಳ್ಳುವ ಮುನ್ನ: ಚಿತ್ರದುರ್ಗದ ತಮ್ಮನಿಗೆ ಉತ್ತರ

ನಿಮ್ಮ ಪತ್ರ ತಲುಪಿದಾಗ ನಾನು ರಜೆಯ ಮೇಲೆ ದಾವಣಗೆರೆಗೆ ಬಂದು ಅಕ್ಕನ ಮನೆಯಲ್ಲಿದ್ದೆ. ಚಿತ್ರದುರ್ಗ ಬಿಟ್ಟು ಟೆಕ್ಸಾಸ್ ಸೇರಿ ಐದು ತಿಂಗಳಾಯಿತು, ಹೆಂಡತಿಯ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಕೈಗೆ ಬಂದಿದೆ, ಮನೆ ಊರಾಚೆ ಇದೆ, ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಎಂದು ಬರೆದಿದ್ದೀರಿ. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ತೀರಿಹೋದ ತಂದೆಯ ರೂಗರ್ ಬ್ಲ್ಯಾಕ್‌ಹಾಕ್ ರಿವಾಲ್ವರನ್ನು ಮಾರಲು ಸಿದ್ಧನಿದ್ದಾನೆ. ಹತ್ತಿರದ ಅಂಗಡಿಯಲ್ಲಿ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 10 ಒಂದಿದೆ. ಹೆಸರು ಒಂದೇ ಆದರೂ ವರ್ಷ ಬದಲಾದ ಹಾಗೆ ಬೆಲೆಯೂ ಬದಲಾಗುವುದೇಕೆ, ಯಾವುದನ್ನು ಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ಎಚ್-1ಬಿ ವೀಸಾದಲ್ಲಿರುವ ಹೊಸದುರ್ಗದ ಗೆಳೆಯ ಅರ್ಧ ಹಣ ಹಾಕುತ್ತಾನೆ ಎಂಬ ಮಾತನ್ನು ನೀವು ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸಬೇಕಾಗಿದೆ.

ಆ ಗೆಳೆಯನ ಹಣವನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ವಲಸೆಯದಲ್ಲದ ವೀಸಾದ ಮೇಲೆ ಅಮೆರಿಕಕ್ಕೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ಇರುವಂಥ ಕೆಲವು ವಿನಾಯಿತಿಗಳುಂಟು, ಆದರೆ ಅವು ಅವನಿಗೆ ಅನ್ವಯಿಸುತ್ತವೆಯೇ ಎಂಬುದನ್ನು ಅವನು ವಕೀಲರಿಂದಲೇ ತಿಳಿಯಬೇಕು. ಹಾಗೆ ನಿಷೇಧವಿರುವವರಿಗಾಗಿ ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಕೊಂಡುಕೊಡುವುದು ಪ್ರತ್ಯೇಕ ಅಪರಾಧ. ಗ್ರೀನ್ ಕಾರ್ಡ್ ಇರುವ ನಿಮಗೆ ಕೊಳ್ಳುವ ಹಕ್ಕಿದೆ, ಆದರೆ ಬಂದೂಕಿನ ಮೊಕದ್ದಮೆಯಲ್ಲಿ ಶಿಕ್ಷೆಯಾದರೆ ಅದೇ ಕಾರಣಕ್ಕೆ ದೇಶದಿಂದ ಹೊರಗೆ ಕಳುಹಿಸಲು ಅವಕಾಶವಿದೆ ಎಂಬುದನ್ನು ಮರೆಯಬೇಡಿ. ಅಂಗಡಿಯಲ್ಲಿ ತುಂಬಿಸುವ 4473 ಎಂಬ ಅರ್ಜಿಯಲ್ಲಿ ಪೌರತ್ವದ ಪ್ರಶ್ನೆಗೆ ಅವಸರದಲ್ಲಿ ತಪ್ಪು ಗುರುತು ಹಾಕಿದರೆ, ನೀವು ಸುಳ್ಳಾಗಿ ಅಮೆರಿಕದ ಪ್ರಜೆ ಎಂದು ಹೇಳಿಕೊಂಡಂತಾಗುತ್ತದೆ; ಅದು ಗ್ರೀನ್ ಕಾರ್ಡಿಗೇ ಕುತ್ತು. ಗ್ರೀನ್ ಕಾರ್ಡಿನ ಮೇಲಿರುವ ಏಲಿಯನ್ ನಂಬರ್ ನೋಡಿಕೊಂಡು ನಿಧಾನವಾಗಿ ಬರೆಯಿರಿ. ಸಹೋದ್ಯೋಗಿಯಿಂದ ಕೊಳ್ಳುವುದಾದರೂ, ಇಬ್ಬರೂ ಟೆಕ್ಸಾಸಿನವರೇ ಆದ್ದರಿಂದ ನೇರ ಮಾರಾಟಕ್ಕೆ ಅಡ್ಡಿಯಿಲ್ಲವಾದರೂ, ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ವರ್ಗಾವಣೆ ಮಾಡಿಸಿಕೊಳ್ಳಿ. ಸ್ವಲ್ಪ ಶುಲ್ಕ ಹೋಗುತ್ತದೆ, ಆದರೆ ಎಫ್‌ಬಿಐ 1998ರಿಂದ ನಡೆಸುತ್ತಿರುವ ಹಿನ್ನೆಲೆ ತಪಾಸಣೆಯೂ ಆಗುತ್ತದೆ, ದಾಖಲೆಯೂ ಉಳಿಯುತ್ತದೆ.

ಇನ್ನು ವರ್ಷದ ಮಾತು. ದನದ ಜಾತ್ರೆಯಲ್ಲಿ ನಮ್ಮಪ್ಪ ಎತ್ತಿನ ಬಾಯಿ ಹಿಡಿದು, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡಿದ ಮೇಲೆಯೇ ಬೆಲೆಯ ಮಾತಿಗೆ ಕೂರುತ್ತಿದ್ದರು. ಕೊಂಬಿಗೆ ಹಚ್ಚಿದ ಬಣ್ಣವನ್ನು ಅವರು ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೈಬಂದೂಕಿಗೂ ಹೀಗೆ ಹಲ್ಲು ನೋಡುವ ಕ್ರಮವೊಂದಿದೆ. ನಳಿಕೆಯ ಮೇಲಿನ ಹೆಸರು ಐವತ್ತು ವರ್ಷ ಹಾಗೆಯೇ ಉಳಿದಿರಬಹುದು, ಒಳಗಿನ ಯಂತ್ರ ಮೂರು ಸಲ ಬದಲಾಗಿರಬಹುದು, ಮತ್ತು ಆ ಬದಲಾವಣೆ ಎಷ್ಟೋ ಸಲ ಯಾರದೋ ಜೀವ ಹೋದ ಮೇಲೆ ಆದದ್ದಾಗಿರುತ್ತದೆ. ನಾನು ದಾವಣಗೆರೆಯ ಬಿಡಿಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಅಮೆರಿಕಕ್ಕೆ ಹೋದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಲೇತು, ಮಿಲ್ಲಿಂಗ್ ಯಂತ್ರಗಳ ನಡುವೆಯೇ ಕಳೆದವನು. ವರ್ಷ ತಿಳಿಯದೆ ಹಳೆಯ ಬಂದೂಕಿಗೆ ಹಣ ಕೊಡುವುದು ನನಗೆ ಇಂದಿಗೂ ಆಗದ ಕೆಲಸ.

ನಿಮ್ಮ ಬ್ಲ್ಯಾಕ್‌ಹಾಕ್ ಇದಕ್ಕೆ ತಕ್ಕ ಉದಾಹರಣೆ. ರೂಗರ್ ಕಂಪನಿ ಸಿಂಗಲ್-ಸಿಕ್ಸ್ ಎಂಬ ರಿವಾಲ್ವರನ್ನು 1953ರಲ್ಲಿ, ಬ್ಲ್ಯಾಕ್‌ಹಾಕನ್ನು 1955ರಲ್ಲಿ ಹೊರತಂದಿತು. 1972ರವರೆಗೆ ತಯಾರಾದವುಗಳ ಚೌಕಟ್ಟಿನ ಬದಿಯಲ್ಲಿ ಮೂರು ತಿರುಪುಗಳು ಕಾಣುತ್ತವೆ. ಹವ್ಯಾಸಿಗಳು ಅವುಗಳನ್ನು ಮೂರು ಸ್ಕ್ರೂವಿನವು ಎಂದೇ ಕರೆಯುತ್ತಾರೆ. ಅವುಗಳಲ್ಲಿ ಹ್ಯಾಮರನ್ನು, ಅಂದರೆ ಹಿಂಬದಿಯ ಸುತ್ತಿಗೆಯಂಥ ಭಾಗವನ್ನು, ಪೂರ್ತಿ ಇಳಿಸಿದಾಗ ಅದು ಕಾಡತೂಸಿನ ಬುಡಕ್ಕೆ ಬಡಿಯುವ ಮೊಳೆಯಾದ ಫೈರಿಂಗ್ ಪಿನ್ನಿನ ಮೇಲೆ ನೇರವಾಗಿ ಕೂರುತ್ತದೆ. ಅದರ ಮುಂದಿನ, ಗುಂಡು ತುಂಬುವ ಕೋಣೆಯಲ್ಲಿ ಕಾಡತೂಸು ಇದ್ದು, ಬಂದೂಕು ಕೈಜಾರಿ ಹ್ಯಾಮರ್ ಕೆಳಗಾಗಿ ನೆಲಕ್ಕೆ ಬಿದ್ದರೆ, ಟ್ರಿಗರನ್ನು ಯಾರೂ ಮುಟ್ಟದೆಯೇ ಗುಂಡು ಹಾರಬಲ್ಲದು. ಈ ಕಾರಣಕ್ಕೇ ಹಿಂದಿನವರು ಆರು ಕೋಣೆಯ ರಿವಾಲ್ವರಿಗೆ ಐದೇ ಗುಂಡು ತುಂಬಿ, ಹ್ಯಾಮರಿನ ಎದುರಿನ ಕೋಣೆಯನ್ನು ಖಾಲಿ ಬಿಡುತ್ತಿದ್ದರು. 1973ರಲ್ಲಿ ಬಂದ ನ್ಯೂ ಮಾಡೆಲಿನಲ್ಲಿ ತಿರುಪುಗಳ ಬದಲು ಎರಡು ಪಿನ್ನುಗಳಿವೆ, ಒಳಗೆ ಟ್ರಾನ್ಸ್‌ಫರ್ ಬಾರ್ ಎಂಬ ಚಪ್ಪಟೆ ಉಕ್ಕಿನ ಪಟ್ಟಿ ಸೇರಿದೆ. ಹ್ಯಾಮರ್ ತಾನಾಗಿಯೇ ಪಿನ್ನನ್ನು ಮುಟ್ಟದಂತೆ ಅದರ ಮುಖವನ್ನು ಕಡಿದಿರುತ್ತಾರೆ. ಟ್ರಿಗರನ್ನು ಹಿಂದಕ್ಕೆ ಎಳೆದು ಹಿಡಿದಿರುವಷ್ಟು ಹೊತ್ತು ಮಾತ್ರ ಆ ಪಟ್ಟಿ ಮೇಲೆದ್ದು ಎರಡರ ನಡುವೆ ನಿಂತು ಪೆಟ್ಟನ್ನು ದಾಟಿಸುತ್ತದೆ. ಬೆರಳು ಬಿಟ್ಟರೆ ಪಟ್ಟಿ ಇಳಿಯುತ್ತದೆ, ಪೆಟ್ಟು ಪಿನ್ನಿಗೆ ತಲುಪುವ ದಾರಿಯೇ ಇರುವುದಿಲ್ಲ. ಒಂದು ಯಂತ್ರದಲ್ಲಿ ಇಷ್ಟು ಸಣ್ಣ ತುಂಡು ಇಷ್ಟು ದೊಡ್ಡ ಕೆಲಸ ಮಾಡುವುದನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಇಲ್ಲೊಂದು ತೊಡಕಿದೆ. 1980ರ ದಶಕದಿಂದ ಕಂಪನಿಯೇ ಹಳೆಯ ರಿವಾಲ್ವರುಗಳನ್ನು ತರಿಸಿಕೊಂಡು, ಉಚಿತವಾಗಿ ಟ್ರಾನ್ಸ್‌ಫರ್ ಬಾರ್ ಜೋಡಿಸಿ, ಬಿಚ್ಚಿದ ಮೂಲ ಬಿಡಿಭಾಗಗಳನ್ನೂ ಮರಳಿಸುತ್ತ ಬಂದಿದೆ. ಹಾಗೆ ಸರಿಪಡಿಸಿದ ಮೇಲೂ ಹೊರಗೆ ಮೂರು ತಿರುಪುಗಳು ಇದ್ದೇ ಇರುತ್ತವೆ, ಆದ್ದರಿಂದ ತಿರುಪು ಎಣಿಸಿದ ಮಾತ್ರಕ್ಕೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಸಂಗ್ರಾಹಕರು ಮುಟ್ಟದೆ ಬಿಟ್ಟ ಮೂಲ ಯಂತ್ರಕ್ಕೇ ಹೆಚ್ಚು ಹಣ ಕೊಡುತ್ತಾರೆ. ಬೆಲೆಯ ಗೊಂದಲಕ್ಕೆ ಇದೇ ಮೂಲ. ಹೆಚ್ಚು ಬೆಲೆಯದು ಹೆಚ್ಚು ಸುರಕ್ಷಿತವಾದದ್ದು ಎಂದು ನೀವು ಬರೆದ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ನೋಡುವ ಬಗೆ ಹೀಗೆ: ಆರೂ ಕೋಣೆಗಳು ಖಾಲಿ ಇರುವುದನ್ನು ಒಂದೊಂದಾಗಿ ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ, ಮಾರುವವನ ಒಪ್ಪಿಗೆ ಪಡೆದು ಹ್ಯಾಮರನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ, ಬೆಳಕಿಗೆ ಹಿಡಿದು ಹ್ಯಾಮರಿನ ಮುಂದಿನ ಸಂದಿಯನ್ನು ನೋಡಿ. ಅಲ್ಲಿ ಉಕ್ಕಿನ ಪಟ್ಟಿ ಮೇಲೆದ್ದು ನಿಂತಿದ್ದರೆ ಟ್ರಾನ್ಸ್‌ಫರ್ ಬಾರ್ ಇದೆ. ಬರಿಯ ಫೈರಿಂಗ್ ಪಿನ್ನಿನ ತಲೆ ಕಂಡರೆ ಅದು ಹಳೆಯ ಯಂತ್ರವೇ. ಪಟ್ಟಿ ಇದ್ದರೆ, ಕಂಪನಿ ಮರಳಿಸಿದ ಬಿಡಿಭಾಗಗಳ ಚೀಲ ಎಲ್ಲಿ ಎಂದೂ ಕೇಳಿ, ಏಕೆಂದರೆ ಅದಿಲ್ಲದಿದ್ದರೆ ಬೆಲೆ ಇನ್ನಷ್ಟು ಇಳಿಯಬೇಕು. ನಿಮ್ಮ ಸಹೋದ್ಯೋಗಿಯ ತಂದೆಯ ಬಂದೂಕು ಸರಿಪಡಿಸದೆ ಉಳಿದದ್ದಾದರೆ, ರಾತ್ರಿ ನಿದ್ದೆಗಣ್ಣಿನಲ್ಲಿ ಕೈಗೆತ್ತಿಕೊಳ್ಳುವ ಮನೆಯ ಬಂದೂಕಾಗಿ ಅದು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಾಡೆಲ್ 10ರ ಕಥೆ ಇದಕ್ಕಿಂತ ಉದ್ದವಾದದ್ದು. 1899ರಲ್ಲಿ ಮಿಲಿಟರಿ ಅಂಡ್ ಪೊಲೀಸ್ ಎಂಬ ಹೆಸರಿನಿಂದ ಹುಟ್ಟಿದ ಈ ರಿವಾಲ್ವರಿಗೆ 10 ಎಂಬ ಅಂಕೆ ಬಂದದ್ದು 1957ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಬಂದೂಕು ವಿ ಅಕ್ಷರದಿಂದ ಆರಂಭವಾಗುವ ಕ್ರಮಸಂಖ್ಯೆಯೊಂದಿಗೆ ಲಕ್ಷಗಟ್ಟಲೆ ತಯಾರಾಯಿತು. 1944ರಲ್ಲಿ ಹಡಗಿನ ಮೇಲೆ ಒಂದು ರಿವಾಲ್ವರ್ ಉಕ್ಕಿನ ನೆಲಕ್ಕೆ ಬಿದ್ದು ಗುಂಡು ಹಾರಿ ನಾವಿಕನೊಬ್ಬ ಸತ್ತ ಮೇಲೆ, ಹ್ಯಾಮರನ್ನು ತಡೆಯುವ ಒಳಗಿನ ಭಾಗವನ್ನು ಕಂಪನಿ ಹೊಸದಾಗಿ ವಿನ್ಯಾಸ ಮಾಡಿತು, ಮತ್ತು ಆ ಮೇಲಿನವುಗಳ ಕ್ರಮಸಂಖ್ಯೆಗೆ ಎಸ್ ಅಕ್ಷರವನ್ನೂ ಸೇರಿಸಿತು. ಒಂದು ಅಕ್ಷರದ ಹಿಂದೆ ಒಬ್ಬ ಮನುಷ್ಯನ ಸಾವಿದೆ. ಯುದ್ಧಕಾಲದ್ದನ್ನು ಯಾರಾದರೂ ತೋರಿಸಿದರೆ ಇನ್ನೊಂದು ಎಚ್ಚರ ಬೇಕು: ಬ್ರಿಟನ್ನಿಗೆ ಹೋಗಿ ಮರಳಿದವುಗಳಲ್ಲಿ ಹಲವನ್ನು, ಅಗಲ ಹೆಚ್ಚಿರುವ ಬ್ರಿಟಿಷ್ ಕಾಡತೂಸಿಗೆ ಮಾಡಿದ್ದ ಕೋಣೆಗಳನ್ನೇ ಆಮೇಲೆ ಉದ್ದಕ್ಕೆ ಕೊರೆದು, 38 ಸ್ಪೆಷಲ್ ಎಂಬ ಅಮೆರಿಕದ ಕಾಡತೂಸು ಹಿಡಿಯುವಂತೆ ಮಾಡಿದ್ದಾರೆ. ಅವುಗಳಲ್ಲಿ ಹಾರಿಸಿದ ಕಾಡತೂಸಿನ ಕವಚ ಬುಡದಲ್ಲಿ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ.

ನೀವು ನೋಡಿದ ಅಂಗಡಿಯದು ಅಷ್ಟು ಹಳೆಯದಲ್ಲವೆಂದು ಕಾಣುತ್ತದೆ. ಸಿಲಿಂಡರನ್ನು, ಅಂದರೆ ಆರು ಕೋಣೆಗಳಿರುವ ತಿರುಗುವ ಉರುಳೆಯನ್ನು, ಹೊರಕ್ಕೆ ತೆರೆದು, ಅದರ ತೋಳು ಕೂರುವ ಜಾಗದಲ್ಲಿ ಚೌಕಟ್ಟಿನ ಮೇಲೆ ಒತ್ತಿರುವ ಅಂಕೆಗಳನ್ನು ಓದಿ. 10ರ ಮುಂದೆ ಅಡ್ಡಗೆರೆ ಹಾಕಿ ಇನ್ನೊಂದು ಅಂಕೆ ಇದ್ದರೆ, ಅದು ವಿನ್ಯಾಸ ಎಷ್ಟನೆಯ ಸಲ ಬದಲಾಯಿತು ಎಂಬುದರ ಗುರುತು. ನಳಿಕೆಯನ್ನು ಚೌಕಟ್ಟಿಗೆ ಅಡ್ಡಪಿನ್ನಿನಿಂದ ಬಿಗಿಯುವ ಪದ್ಧತಿ 1982ರ ಸುಮಾರಿಗೆ ನಿಂತಿತು. 1990ರ ದಶಕದ ಕೊನೆಯಲ್ಲಿ, ಹ್ಯಾಮರಿನ ಮೂತಿಯಲ್ಲಿದ್ದ ಫೈರಿಂಗ್ ಪಿನ್ ಚೌಕಟ್ಟಿನೊಳಕ್ಕೆ ಹೋಯಿತು. 2001ರ ಆಸುಪಾಸಿನಿಂದ ಎಡಬದಿಯಲ್ಲಿ ಬೀಗದ ಕೈ ಹಾಕುವ ಪುಟ್ಟ ರಂಧ್ರ ಕಾಣಿಸಿಕೊಂಡಿತು. ಹಳಬರು ಆ ರಂಧ್ರವನ್ನು ಮೆಚ್ಚುವುದಿಲ್ಲ, ಅದಿಲ್ಲದವುಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಮಕ್ಕಳಿರುವ ಮನೆಗೆ ಅದರಿಂದ ನಷ್ಟವೇನೂ ಇಲ್ಲ. 1957ರ ಮೇಲಿನ ಮಾಡೆಲ್ 10 ಯಾವುದಾದರೂ, ಸವೆತವಿಲ್ಲದಿದ್ದರೆ, ನಿಮ್ಮ ಉದ್ದೇಶಕ್ಕೆ ಬ್ಲ್ಯಾಕ್‌ಹಾಕಿಗಿಂತ ಮೇಲು. ಒಂದೊಂದು ಗುಂಡಿಗೂ ಹ್ಯಾಮರ್ ಎಳೆಯಬೇಕಾಗಿಲ್ಲ, ಖಾಲಿ ಇದೆಯೇ ಎಂದು ಒಮ್ಮೆ ತೆರೆದರೆ ಆರೂ ಕೋಣೆಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಪಿಸ್ತೂಲುಗಳ ವಿಷಯವನ್ನು ನೀವು ಕೇಳಿಲ್ಲವಾದರೂ ಅಂಗಡಿಯವರು ಗ್ಲಾಕ್ ಕಂಪನಿಯ ಪಿಸ್ತೂಲನ್ನು ತೋರಿಸದೆ ಬಿಡುವುದಿಲ್ಲ. ಅದರಲ್ಲಿ ತಲೆಮಾರಿನ ಲೆಕ್ಕ: ಹಿಡಿಯಲ್ಲಿ ಬೆರಳಿನ ತಗ್ಗುಗಳು 1998ರ ಸುಮಾರಿನ ಮೂರನೆಯ ತಲೆಮಾರಿನಲ್ಲಿ ಬಂದವು, 2010ರ ನಾಲ್ಕನೆಯದರಲ್ಲಿ ಹಿಡಿಯ ಬೆನ್ನನ್ನು ಬದಲಿಸಿಕೊಳ್ಳಬಹುದು, 2017ರ ಐದನೆಯದರಲ್ಲಿ ಆ ತಗ್ಗುಗಳು ಮಾಯವಾದವು. ನಾಲ್ಕನೆಯದರ ಆರಂಭದ ಕೆಲವು ಪಿಸ್ತೂಲುಗಳ ಹಾರಿಸಿದಾಗಿನ ಹಿಂಪೆಟ್ಟನ್ನು ತಾಳುವ ರಿಕಾಯಿಲ್ ಸ್ಪ್ರಿಂಗನ್ನು ಕಂಪನಿ 2011ರಲ್ಲಿ ಉಚಿತವಾಗಿ ಬದಲಿಸಿಕೊಟ್ಟಿತು; ಅಂಥದ್ದು ಸಿಕ್ಕರೆ ಬದಲಾಗಿದೆಯೇ ಎಂದು ಕೇಳಿದರಾಯಿತು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ನೋಡಿ ಬೆಳೆದವರು ನೀವು. ಆದ್ದರಿಂದ ಮದ್ದಿನ ಜಾತಿಯ ಬಗ್ಗೆಯೂ ಒಂದು ಮಾತು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ರಿವಾಲ್ವರ್ ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಹೊಗೆಯಿಲ್ಲದ ಇಂದಿನ ಮದ್ದಿಗೆ ಕಂಪನಿ ಭರವಸೆ ಕೊಟ್ಟದ್ದು 1900ರಿಂದ ಈಚಿನವುಗಳಿಗೆ. ಅದಕ್ಕೂ ಹಿಂದಿನದು ಎಷ್ಟೇ ಹೊಳೆಯುತ್ತಿರಲಿ, ಅಂಗಡಿಯ ಹೊಸ ಗುಂಡನ್ನು ಅದಕ್ಕೆ ತುಂಬಬಾರದು.

ಹೊಳಪಿನ ಮಾತು ಬಂದದ್ದರಿಂದ ನನ್ನ ತಪ್ಪನ್ನೂ ಹೇಳುತ್ತೇನೆ. ನಾನು ಮೊದಲು ಕೊಂಡ ರಿವಾಲ್ವರ್ ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ತಂದು ಭೂತಗನ್ನಡಿ ಹಿಡಿದಾಗ, ಉಕ್ಕಿನ ಮೇಲೆ ಒತ್ತಿದ ಅಕ್ಷರಗಳ ಅಂಚು ಸವೆದು ದುಂಡಗಾಗಿರುವುದು, ತಿರುಪಿನ ತೂತುಗಳ ಸುತ್ತ ಉಕ್ಕು ತಟ್ಟೆಯಂತೆ ತಗ್ಗಿರುವುದು ಕಂಡಿತು. ಯಾರೋ ತುಕ್ಕನ್ನು ಉಜ್ಜಿ ಹೊಸದಾಗಿ ನೀಲಿ ಬಣ್ಣ ಏರಿಸಿದ್ದರು. ಹಾರಿಸಿದಾಗ ಸೀಸದ ಚೂರುಗಳು ಪಕ್ಕದಲ್ಲಿ ನಿಂತಿದ್ದವರ ಕೆನ್ನೆಗೆ ಸಿಡಿದವು. ಕೋಣೆಯೂ ನಳಿಕೆಯೂ ನೇರಕ್ಕೆ ಬರುವ ಮೊದಲೇ ಹ್ಯಾಮರ್ ಬೀಳುತ್ತಿತ್ತು. ನಾನು ಅಂಗಡಿಯಲ್ಲೇ ಎರಡು ನಿಮಿಷ ಖರ್ಚು ಮಾಡಿದ್ದರೆ ಇದು ಗೊತ್ತಾಗುತ್ತಿತ್ತು. ಖಾಲಿ ರಿವಾಲ್ವರಿನ ಸಿಲಿಂಡರಿಗೆ ಒಂದು ಬೆರಳನ್ನು ಹಗುರವಾಗಿ ತಾಗಿಸಿ, ಹ್ಯಾಮರನ್ನು ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ ಬೀಗ ಬಿದ್ದ ಸದ್ದು ಕೇಳಬೇಕು. ಆರು ಕೋಣೆಗೂ ಆರು ಸಲ ಹೀಗೆ ನೋಡಬೇಕು. ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿಯನ್ನು ಫೀಲರ್ ಗೇಜ್ ಎಂಬ ತೆಳುಪಟ್ಟಿಗಳ ಅಳತೆಗೋಲಿನಿಂದ ಅಳೆದರೆ 0.1ರಿಂದ 0.2 ಮಿಲಿಮೀಟರ್ ಒಳಗಿರುವುದು ಒಳ್ಳೆಯದು. ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ಅದು ಉಬ್ಬಿದ ನಳಿಕೆ, ಅಲ್ಲಿಗೆ ಮಾತು ಮುಗಿಸಿ ಎದ್ದು ಬನ್ನಿ. ಕ್ರಮಸಂಖ್ಯೆಯನ್ನು ಅಳಿಸಿದ ಗುರುತಿದ್ದರಂತೂ ಕೈಯಲ್ಲಿ ಹಿಡಿಯುವುದೂ ಬೇಡ, ಏಕೆಂದರೆ ಅಂಥದ್ದನ್ನು ವಶದಲ್ಲಿ ಇಟ್ಟುಕೊಳ್ಳುವುದೇ ಅಪರಾಧ.

ಮನೆಯಲ್ಲಿ ಇಡುವ ವಿಚಾರದಲ್ಲಿ ನಮ್ಮೂರಿನ ನೆನಪು ನಿಮ್ಮನ್ನು ತಪ್ಪು ದಾರಿಗೆ ಒಯ್ಯಬಾರದು. ನಮ್ಮ ಸೋದರಮಾವನ ಬೆಳೆ ರಕ್ಷಣೆಯ ಜೋಡುನಳಿಕೆ ಬಂದೂಕು ಗೋಡೆಯ ಗೂಟಕ್ಕೆ ತೂಗುತ್ತಿತ್ತು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಜಮೆಯಾಗುತ್ತಿತ್ತು, ಉಳಿದಂತೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಟೆಕ್ಸಾಸಿನಲ್ಲಿ ಹದಿನೇಳು ವರ್ಷದೊಳಗಿನ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕನ್ನು ಬಿಡುವುದು ಶಿಕ್ಷಾರ್ಹ. ಬಂದೂಕಿನ ಹಣದ ಜೊತೆಗೆ ಉಕ್ಕಿನ ಪೆಟ್ಟಿಗೆಯ ಹಣವನ್ನೂ, ನೀವಿಬ್ಬರೂ ಸೇರಿ ಪಡೆಯಬೇಕಾದ ತರಬೇತಿಯ ಹಣವನ್ನೂ ಈಗಲೇ ಲೆಕ್ಕ ಹಾಕಿ. ಗುಂಡು ಹಾರಿಸುವ ಅಭ್ಯಾಸಕ್ಕೆ ಒಯ್ಯುವ ಚೀಲವನ್ನು ಬೇರೆಯಾಗಿಯೇ ಇಡಿ. ಅದೇ ಚೀಲವನ್ನು ಊರಿಗೆ ಬರುವಾಗ ಬಳಸಿ, ಮೂಲೆಯಲ್ಲಿ ಉಳಿದ ಒಂದೇ ಒಂದು ಕಾಡತೂಸು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ, ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯನ್ನು ಎದುರಿಸಬೇಕಾಗಬಹುದು.

ಸದ್ಯಕ್ಕೆ ಮೂರು ಚಿತ್ರಗಳನ್ನು ತೆಗೆದು ಕಳುಹಿಸಿ: ಬ್ಲ್ಯಾಕ್‌ಹಾಕಿನ ಚೌಕಟ್ಟಿನ ಬದಿ, ಹ್ಯಾಮರ್ ಎಳೆದಾಗ ಅದರ ಮುಂದೆ ಕಾಣುವ ಸಂದಿ, ಮತ್ತು ಮಾಡೆಲ್ 10ರ ಸಿಲಿಂಡರ್ ತೆರೆದಾಗ ಕಾಣುವ ಒತ್ತಂಕೆ. ರೂಗರಿನ ವರ್ಷವನ್ನು ಕಂಪನಿಯೇ ಪ್ರಕಟಿಸಿರುವ ಕ್ರಮಸಂಖ್ಯೆಯ ಪಟ್ಟಿಯಿಂದ ನೀವೇ ಹುಡುಕಬಹುದು. ನಾನು ಮುಂದಿನ ತಿಂಗಳು ಹಿಂದಿರುಗುತ್ತೇನೆ. ಫೀಲರ್ ಗೇಜ್ ತೆಗೆದುಕೊಂಡು ಆ ಅಂಗಡಿಗೆ ನಿಮ್ಮ ಜೊತೆ ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.