ಮೋಡ ಬಂದ ಜಾಗವನ್ನು ಖಾಲಿ ಬಿಟ್ಟ ಹುಡುಗಿಗೆ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ 7ನೇ ತರಗತಿ ಓದುತ್ತಿದ್ದೇನೆ. ಜೂನ್‌ನಿಂದ ದಸರಾ ರಜೆಯವರೆಗೆ ನಾವು ಕಲಿತದ್ದನ್ನೆಲ್ಲ ಬರೆದಿದ್ದೇನೆ. ನೆರಳು ಮಾಯವಾದ ದಿನ, ಡ್ಯಾಂ ನೀರಿನ ಲೆಕ್ಕ, ಗವಿಮಠದ ಶಾಸನ, ಕಿನ್ನಾಳದ ಗೊಂಬೆ, ಮಕ್ಕಳ ಸಂತೆ. ಅಪ್ಪ ಓದಿ, ಚೆನ್ನಾಗಿದೆ, ಆದರೆ ಇದರಲ್ಲಿ ಪರೀಕ್ಷೆಗೆ ಎಷ್ಟು ಬರುತ್ತದೆ ಎಂದು ಕೇಳಿದರು. ನನಗೆ ಉತ್ತರ ಹೇಳಲು ಬರಲಿಲ್ಲ. ನೀವು ಹೇಳಿ. ನನ್ನ ಹೆಸರು, ಊರು ಹಾಕಬೇಡಿ.

ಸಂಪಾದಕರ ಉತ್ತರ

ತಂಗಿ,

ನಿನ್ನ ಪತ್ರ ಒಟ್ಟು ಹನ್ನೊಂದು ಹಾಳೆ. ಮೇಲೆ ಹಾಕಿರುವುದು ಅದರ ಮೊದಲ ಕೆಲವು ಸಾಲು ಮಾತ್ರ. ಪೂರ್ತಿ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಚೇರಿಯಲ್ಲಿ. ಎರಡನೇ ಸಲ ಮನೆಗೆ ತಂದು, ಪೆನ್ಸಿಲ್ ಹಿಡಿದುಕೊಂಡು. ನಿನ್ನ ಹೆಸರು, ಊರು ಹಾಕಿಲ್ಲ. ಅಪ್ಪನವರ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಾಲ್ಕನೇ ಹಾಳೆಯ ಬಗ್ಗೆ ಮಾತಾಡಬೇಕು.

ಆಗಸ್ಟ್ ಎರಡನೇ ವಾರ ನೀವು ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಿರಿ. ಹನ್ನೊಂದೂವರೆಯಿಂದ ಹತ್ತು ಹತ್ತು ನಿಮಿಷಕ್ಕೆ ನೆರಳು ಅಳೆದಿರಿ. ಮೊದಲು 26 ಸೆಂಟಿಮೀಟರ್ ಇತ್ತು. 12 ಗಂಟೆಗೆ 13 ಆಯಿತು. 12-20ಕ್ಕೆ 4. 12-30ಕ್ಕೆ ನೆರಳೇ ಇಲ್ಲ. ಬೋರಲು ಹಾಕಿದ ಸ್ಟೀಲ್ ಲೋಟದ ಸುತ್ತಲೂ ಇಲ್ಲ. ನಿಮ್ಮ ಕಾಲ ಬುಡದಲ್ಲಿ ಮಾತ್ರ ಸ್ವಲ್ಪ ಕಪ್ಪು. ಹುಡುಗರೆಲ್ಲ ಕುಣಿದಾಡಿದರು ಎಂದು ಬರೆದಿದ್ದೀಯ. ನಾನಿದ್ದರೂ ಕುಣಿಯುತ್ತಿದ್ದೆ.

ಆದರೆ ಆ ಕೋಷ್ಟಕದಲ್ಲಿ ಎರಡು ಕಡೆ ಅಂಕಿ ಇಲ್ಲ. 11-50ರ ಮುಂದೆ, 12-10ರ ಮುಂದೆ 'ಮೋಡ' ಎಂದಷ್ಟೇ ಇದೆ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಹೀಗೆ ಬರೆದಿದ್ದೀಯ: 'ಗೆಳತಿ ಹಿಂದೆ ಮುಂದೆ ನೋಡಿ ಅಂದಾಜಿಗೆ ತುಂಬು, ಇಲ್ಲಾಂದ್ರೆ ಮಾರ್ಕ್ಸ್ ಹೋಗುತ್ತೆ ಅಂದಳು. ನಾನು ನೋಡಿರಲಿಲ್ಲ, ಅದಕ್ಕೆ ತುಂಬಲಿಲ್ಲ.'

ಹನ್ನೊಂದು ಹಾಳೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಇದು. ತುಂಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 17, 8 ಎಂದು ಬರೆದಿದ್ದರೆ ಹೆಚ್ಚು ಕಡಿಮೆ ಸರಿಯೂ ಆಗುತ್ತಿತ್ತು. ಆದರೆ ನೀನು ಕಾಣದ್ದನ್ನು ಕಂಡೆ ಎಂದು ಆ ಹಾಳೆ ಹೇಳುತ್ತಿತ್ತು. ಈ ಹಾಳೆ ಹಾಗೆ ಹೇಳುವುದಿಲ್ಲ. ಹಾಗಾಗಿ ಅದರಲ್ಲಿರುವ ಉಳಿದ ಅಂಕಿಗಳನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ನಿನ್ನ ಪ್ರಶ್ನೆ: ಮಧ್ಯಾಹ್ನ ಅಂದರೆ 12 ಗಂಟೆ ಅಲ್ವಾ, ಮತ್ತೆ ನೆರಳು 12-30ಕ್ಕೆ ಯಾಕೆ ಹೋಯಿತು, ಗಡಿಯಾರ ತಪ್ಪಾ ಸೂರ್ಯ ತಪ್ಪಾ? ಸರ್ 'ಎರಡೂ ಸರಿ' ಎಂದರು, ಅಷ್ಟರಲ್ಲಿ ಬೆಲ್ ಆಯಿತು ಎಂದು ಬರೆದಿದ್ದೀಯ. ಸರ್ ಹೇಳಿದ್ದು ನಿಜ. ಬೆಲ್ ಆಗಿ ಉಳಿದ ಮಾತನ್ನು ನಾನು ಹೇಳುತ್ತೇನೆ.

ನಮ್ಮ ಕೈಗಡಿಯಾರದಲ್ಲಿ ಇರುವುದು ಕೊಪ್ಪಳದ ಸಮಯ ಅಲ್ಲ. ದೇಶಕ್ಕೆಲ್ಲ ಒಂದೇ ಸಮಯ ಇರಲಿ ಎಂದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ಎಲ್ಲರೂ ಇಟ್ಟುಕೊಂಡಿದ್ದೇವೆ. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಕೊಪ್ಪಳ ಇರುವುದು 76 ಡಿಗ್ರಿಗಿಂತ ಸ್ವಲ್ಪ ಆಚೆ. ಅಂತರ ಆರೂಕಾಲು ಡಿಗ್ರಿಗೆ ತುಸು ಜಾಸ್ತಿ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಹಾಗಾದರೆ ಒಂದು ಡಿಗ್ರಿಗೆ 4 ನಿಮಿಷ. ನೀನೇ ಗುಣಿಸಿ ನೋಡು, ಸುಮಾರು 25 ನಿಮಿಷ ಬರುತ್ತದೆ. ಗಡಿಯಾರದ 12 ಗಂಟೆಗೆ ಸೂರ್ಯ ನಮ್ಮ ನೆತ್ತಿಗೆ ಇನ್ನೂ ಬಂದಿರುವುದಿಲ್ಲ.

ಉಳಿದ 5 ನಿಮಿಷ ಎಲ್ಲಿಂದ ಬಂತು? ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಭೂಮಿ ಸ್ವಲ್ಪ ವಾಲಿಕೊಂಡೂ ಇದೆ. ಈ ಎರಡರಿಂದ ಸೂರ್ಯ ವರ್ಷದ ಕೆಲವು ತಿಂಗಳು ಗಡಿಯಾರಕ್ಕಿಂತ ಹಿಂದೆ ಬೀಳುತ್ತಾನೆ, ಕೆಲವು ತಿಂಗಳು ಮುಂದೆ ಹೋಗುತ್ತಾನೆ. ಆಗಸ್ಟ್ ಎರಡನೇ ವಾರ ಸುಮಾರು 5 ನಿಮಿಷ ಹಿಂದೆ ಇರುತ್ತಾನೆ. 25ಕ್ಕೆ 5 ಸೇರಿಸಿದರೆ ನಿನ್ನ ಅಂಗಳದ ಲೆಕ್ಕವೇ ಬರುತ್ತದೆ. ಒಂದು ಕೋಲು, ಒಂದು ಸ್ಕೇಲ್, ಒಂದು ಗಡಿಯಾರ ಇಟ್ಟುಕೊಂಡು ನೀವು ಹಿಡಿದದ್ದು ಇದನ್ನು. ದೆಹಲಿಯ ಮಕ್ಕಳು ಎಷ್ಟು ಕಾದರೂ ತಮ್ಮ ಊರಲ್ಲಿ ಇಂಥ ದಿನ ಬರುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ನಮಗೆ ವರ್ಷಕ್ಕೆ ಎರಡು ಸಲ ಸಿಗುತ್ತದೆ.

ಈಗ ತುಂಗಭದ್ರಾ ಡ್ಯಾಂ. ಇಲ್ಲಿ ಒಂದು ತಪ್ಪಿದೆ. ಒಂದು ಟಿಎಂಸಿ ಎಂದರೆ ಒಂದು ಕೋಟಿ ಘನ ಅಡಿ ಎಂದು ಬರೆದು, ಅದರ ಮೇಲೆ ಇಡೀ ಪುಟ ಲೆಕ್ಕ ಮಾಡಿದ್ದೀಯ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ. ಒಂದು ಮಿಲಿಯನ್ ನಮ್ಮ 10 ಲಕ್ಷ. ಸಾವಿರ ಸಲ 10 ಲಕ್ಷ ಎಂದರೆ 100 ಕೋಟಿ. ಎರಡು ಸೊನ್ನೆ ಬಿಟ್ಟುಹೋಗಿದೆ. ಬೇಜಾರು ಮಾಡಿಕೊಳ್ಳಬೇಡ. ನಾವು ಎಣಿಸುವುದು ಲಕ್ಷ, ಕೋಟಿಯಲ್ಲಿ. ಅಳತೆ ಇರುವುದು ಮಿಲಿಯನ್‌ನಲ್ಲಿ. ನಡುವೆ ಸೊನ್ನೆ ಜಾರಿಹೋಗುವುದು ದೊಡ್ಡವರಿಗೂ ಆಗುತ್ತದೆ.

ಅಷ್ಟು ದೊಡ್ಡ ಸಂಖ್ಯೆ ಕಣ್ಣಿಗೆ ಕಾಣಬೇಕು ಅಂದರೆ ಗದ್ದೆಗೆ ಇಳಿಸಬೇಕು. ನಿಮ್ಮ ಮನೆಯಲ್ಲಿ ಗುಂಟೆ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. 33 ಅಡಿ ಉದ್ದ, 33 ಅಡಿ ಅಗಲ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ 43,560 ಘನ ಅಡಿ ನೀರು. 100 ಕೋಟಿಯನ್ನು ಇದರಿಂದ ಭಾಗಿಸು. ಒಂದು ಟಿಎಂಸಿ ನೀರನ್ನು ಒಂದು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಸುಮಾರು 23 ಸಾವಿರ ಎಕರೆ ತುಂಬುತ್ತದೆ.

ಇದನ್ನು ಇಟ್ಟುಕೊಂಡು ನಿನ್ನ ಇನ್ನೊಂದು ಪ್ರಶ್ನೆಗೆ ಬರೋಣ. 'ಡ್ಯಾಂ ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 106 ಅಂತಾರೆ. ಡ್ಯಾಂ ಕುಗ್ಗಿತಾ?' ಗೋಡೆ ಅಷ್ಟೇ ಇದೆ, ತಂಗಿ. 33 ಗೇಟು ಅಷ್ಟೇ ಇವೆ. ಪೂರ್ತಿ ತುಂಬಿದಾಗಿನ ಮಟ್ಟ ಈಗಲೂ 1,633 ಅಡಿಯೇ. ಏರಿರುವುದು ತಳ. 1953ರಲ್ಲಿ ನೀರು ನಿಲ್ಲಲು ಶುರುವಾದಾಗಿನಿಂದ ಪ್ರತಿ ಮಳೆಗಾಲ ಮೇಲಿನ ಜಿಲ್ಲೆಗಳ ಹೊಲ, ಗುಡ್ಡಗಳ ಮಣ್ಣು ಹೊಳೆಯಲ್ಲಿ ಕೊಚ್ಚಿಕೊಂಡು ಬರುತ್ತಿದೆ. ಹೊಳೆ ಹರಿಯುವಾಗ ಆ ಮಣ್ಣನ್ನು ಹೊತ್ತು ತರುತ್ತದೆ. ಡ್ಯಾಂಗೆ ಬಂದು ನಿಂತಾಗ ಕೆಳಗೆ ಬಿಡುತ್ತದೆ. ಅದೇ ಹೂಳು. ಸುಮಾರು 27 ಟಿಎಂಸಿ ಜಾಗ ಅದಕ್ಕೆ ಹೋಗಿದೆ. 27 ಸಲ 23 ಸಾವಿರ ಎಕರೆ. ಒಂದು ಅಡಿ ನೀರಿನ ಲೆಕ್ಕದಲ್ಲಿ 6 ಲಕ್ಷ ಎಕರೆಗಿಂತ ಜಾಸ್ತಿ! ಕಾಲುವೆಯ ಕೊನೆಯ ಊರುಗಳಲ್ಲಿ ಭತ್ತ ಹಾಕಿ ನೀರಿಗಾಗಿ ರಾತ್ರಿ ಕಾಯುವವರು ನೆನಪಾಗುತ್ತಾರೆ. ಇದನ್ನು ಬರೆಯುವಾಗ ನನ್ನ ಮನಸ್ಸು ಭಾರವಾಯಿತು.

ಹೂಳು ಎಷ್ಟಿದೆ ಎಂದು ಗೊತ್ತಾಗುವುದು ಹೇಗೆ? ಇದನ್ನು ನೀನು ಕೇಳಿಲ್ಲ, ಕೇಳಬೇಕಿತ್ತು. ದೋಣಿಯಲ್ಲಿ ಹೋಗಿ, ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಸಾಲು ಸಾಲಾಗಿ ತಳದ ಆಳ ಅಳೆಯುತ್ತಾರೆ. ಹಳೆಯ ಅಳತೆಯ ಜೊತೆ ಇಟ್ಟು ನೋಡುತ್ತಾರೆ. ನೀನು ಕೋಲಿನ ನೆರಳಿಗೆ ಮಾಡಿದ್ದೂ ಇದೇ ಕೆಲಸ ಅಲ್ವಾ.

ಗವಿಮಠದ ಶಾಸನದ ಹಾಳೆಯಲ್ಲೂ ಒಂದು ತಿದ್ದುಪಡಿ ಇದೆ. 'ಕೊಪ್ಪಳದ ಶಾಸನದಲ್ಲಿ ಅಶೋಕನ ಹೆಸರಿದೆ' ಎಂದಿದ್ದೀಯ. ಕೊಪ್ಪಳದಲ್ಲಿ ಅಶೋಕನ ಶಾಸನ ಎರಡು ಇವೆ, ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಗವಿಮಠದ ಶಾಸನದಲ್ಲಿ 'ದೇವಾನಾಂಪಿಯ' ಎಂದಿದೆ, ದೇವರಿಗೆ ಪ್ರಿಯನಾದವನು ಎಂದು ಅರ್ಥ. ಅಶೋಕ ಎಂಬ ಹೆಸರು ಇಲ್ಲ. ಅದು ಇರುವುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಇದೆ.

ಈ ಹೆಸರಿನ ಕಥೆ ನಿನ್ನ ಕೋಷ್ಟಕದ ಖಾಲಿ ಜಾಗಗಳ ಕಥೆಯಂತೆಯೇ ಇದೆ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಈ ಶಾಸನಗಳ ಬ್ರಾಹ್ಮಿ ಲಿಪಿ ಓದಿದರು. ಅಲ್ಲಿಯವರೆಗೆ ಆ ಅಕ್ಷರಗಳನ್ನು ಓದುವವರೇ ಇರಲಿಲ್ಲ. ಓದಿದ ಮೇಲೆ ಒಂದು ಹೊಸ ಗಂಟು ಬಿತ್ತು. ಶಾಸನ ಬರೆಸಿದ ರಾಜ ತನ್ನನ್ನು 'ದೇವಾನಾಂಪಿಯ ಪಿಯದಸಿ' ಎಂದು ಕರೆದುಕೊಂಡಿದ್ದ. ಈ ಪಿಯದಸಿ ಯಾರು? ಶ್ರೀಲಂಕಾದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಹಳೆಯ ಪಾಲಿ ಗ್ರಂಥ ನೋಡಿ, ಅದು ಅಶೋಕನ ಇನ್ನೊಂದು ಹೆಸರು ಎಂದು ತೋರಿಸಿದರು. ಆದರೆ ಅದು ಪುಸ್ತಕದ ಸಾಕ್ಷಿ. ಕಲ್ಲಿನ ಮೇಲೆ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಾ ಮಸ್ಕಿಗೆ ಬಂದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಬರಹ ಬಿತ್ತು. ಅದರಲ್ಲಿ ದೇವಾನಾಂಪಿಯನ ಜೊತೆಗೆ ಅಶೋಕ ಎಂದೂ ಇತ್ತು. ನಡುವೆ 78 ವರ್ಷ ಆಗಿತ್ತು.

ನಾನು ಹುಟ್ಟಿ ಬೆಳೆದದ್ದು ಮಸ್ಕಿಯಿಂದ ಒಂದು ತಾಸಿನ ದಾರಿಯ ಊರಲ್ಲಿ. ಏಳನೇ ತರಗತಿಯಲ್ಲಿ 'ಮಸ್ಕಿ ಶಾಸನ, 1915' ಎಂದು ಬರೆದು ಒಂದು ಅಂಕ ಪಡೆದೆ. ಆ ಬಂಡೆಯ ಮುಂದೆ ನಿಂತದ್ದು ಮೂವತ್ತೆರಡನೇ ವಯಸ್ಸಿನಲ್ಲಿ. ಅಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದು ಅವತ್ತು ನನ್ನ ಮೇಲೆ ನನಗೇ ಸಿಟ್ಟು ಬಂತು. ನೀನು ಹನ್ನೆರಡನೇ ವಯಸ್ಸಿಗೇ ಗವಿಮಠದ ಗುಡ್ಡ ಹತ್ತಿದ್ದೀಯ. ಸರ್‌ಗೆ ನನ್ನ ಪರವಾಗಿ ಒಂದು ನಮಸ್ಕಾರ ಹೇಳು.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನೀನು ನೋಡಿ ಬಂದ ಅದೇ ಶಾಸನದಲ್ಲಿ ರಾಜ ತನ್ನ ಬಗ್ಗೆ ಹೇಳಿಕೊಂಡಿದ್ದಾನೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ ಎಂದು. ಅಷ್ಟು ದೊಡ್ಡ ರಾಜ ಆ ಒಂದು ವರ್ಷವನ್ನು ಮುಚ್ಚಿಡಲಿಲ್ಲ. ಕಲ್ಲಿನಲ್ಲೇ ಕೆತ್ತಿಸಿದ.

ಕಿನ್ನಾಳದ ಹಾಳೆ ಚೆನ್ನಾಗಿದೆ, ಆದರೆ ಬೇಗ ಮುಗಿಸಿಬಿಟ್ಟಿದ್ದೀಯ. ಹುಣಸೆ ಬೀಜದ ಅಂಟು ಮಾಡುವುದನ್ನು ನೋಡಿದೆ ಎಂದಿದ್ದೀಯ. ಅದರ ವಾಸನೆ ಹೇಗಿತ್ತು? ಕೈಗೆ ಹತ್ತಿದರೆ ಹೋಗುತ್ತದಾ? ಅದನ್ನು ಬರಿ.

ಮಕ್ಕಳ ಸಂತೆಯ ಲೆಕ್ಕ ಹೀಗಿದೆ. 5 ರೂಪಾಯಿಗೆ ಒಂದರಂತೆ 40 ಕಟ್ಟು ಮೆಂತ್ಯೆ ಸೊಪ್ಪು ತಂದೆ. 8 ರೂಪಾಯಿಯಂತೆ 31 ಕಟ್ಟು ಮಾರಿದೆ. ಕಟ್ಟಿಗೆ 3 ರೂಪಾಯಿ ಲಾಭ, ಒಟ್ಟು 93 ಎಂದು ಬರೆದಿದ್ದೀಯ. ಪಕ್ಕದಲ್ಲಿ ರೈಟ್ ಮಾರ್ಕ್ ಕೂಡ ಬಿದ್ದಿದೆ. ಆದರೆ ನಿನ್ನ ಕೈಗೆ ಬಂದದ್ದು 248, ಹೋದದ್ದು 200. ಉಳಿದದ್ದು 48. ಮಿಕ್ಕ 9 ಕಟ್ಟನ್ನು ಬಿಸಿಯೂಟದ ಸಾರಿಗೆ ಕೊಟ್ಟೆಯಲ್ಲ, ಆ 45 ರೂಪಾಯಿ ಅಲ್ಲಿಗೆ ಹೋಯಿತು. ಅದನ್ನು ನಷ್ಟ ಎನ್ನಲು ನನಗೆ ಮನಸ್ಸಿಲ್ಲ. ಊಟಕ್ಕೆ ಕೊಟ್ಟದ್ದು ಎಂದು ಒಂದು ಸಾಲು ಸೇರಿಸು, ಲೆಕ್ಕ ಸರಿಹೋಗುತ್ತದೆ.

ಇನ್ನು ಅಪ್ಪನವರ ಪ್ರಶ್ನೆ. ಅವರು ಅಕ್ಕಿ ಮಿಲ್ಲಿನಲ್ಲಿ ಚೀಲದ ಲೆಕ್ಕ ಬರೆಯುತ್ತಾರೆ ಎಂದು ತಿಳಿಸಿದ್ದೀಯ. ಈ ಕೆಳಗಿನ ಸಾಲುಗಳನ್ನು ಅವರಿಗೆ ಓದಿ ಹೇಳು.

ಅಣ್ಣಾವ್ರೇ, ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಮಗಳು ಓದಿ ಮುಂದೆ ಬರಬೇಕು, ಅದಕ್ಕೆ ಅಂಕ ಬೇಕು. ಅದು ಸುಳ್ಳಲ್ಲ. ರೇಖಾಂಶ, ಸಮಯದ ಲೆಕ್ಕ, ಲಾಭ ನಷ್ಟ, ಅಶೋಕನ ಶಾಸನ, ಇವೆಲ್ಲ ಇವತ್ತಲ್ಲ ನಾಳೆ ಪರೀಕ್ಷೆಗೆ ಬರುವಂಥವೇ. ಅವಳು ಮರೆಯುವುದಿಲ್ಲ, ಯಾಕೆಂದರೆ ಕೈಯಾರೆ ಮಾಡಿದ್ದಾಳೆ. ಆದರೆ ಅವಳು ಬಿಟ್ಟ ಆ ಎರಡು ಖಾಲಿ ಜಾಗಕ್ಕೆ ಯಾವ ಪರೀಕ್ಷೆಯೂ ಅಂಕ ಕೊಡಲಿಕ್ಕಿಲ್ಲ. ಒಂದು ಅಂಕ ಕಳೆದರೂ ಕಳೆಯಬಹುದು. ಅದರ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಇಳಿಸುವಾಗ ಎಣಿಸದ ಲಾರಿಯ ಚೀಲ ಇಷ್ಟು ಎಂದು ನೀವು ನಿಮ್ಮ ಪುಸ್ತಕದಲ್ಲಿ ಸುಮ್ನೆ ಬರೆಯುತ್ತೀರಾ? ಇಲ್ಲ. ಈ ಗುಣ ಅವಳಿಗೆ ನಿಮ್ಮಿಂದಲೇ ಬಂದಿರಬೇಕು.

ತಂಗಿ, ನಿನ್ನ ನಾಲ್ಕನೇ ಹಾಳೆಯನ್ನು ಮುಂದಿನ ಸಂಚಿಕೆಯಲ್ಲಿ ಇದ್ದ ಹಾಗೇ ಹಾಕಬೇಕೆಂದಿದ್ದೇನೆ. ನಿನ್ನ ಅಕ್ಷರದಲ್ಲೇ, ಮೋಡದ ಎರಡು ಜಾಗದ ಸಮೇತ. ಹೆಸರು ಇರುವುದಿಲ್ಲ. ಬೇಡ ಅನ್ನಿಸಿದರೆ ಒಂದು ಕಾರ್ಡ್ ಬರಿ, ಹಾಕುವುದಿಲ್ಲ.

ಇನ್ನೊಂದು ಕೆಲಸ. ಕೊಪ್ಪಳಕ್ಕೆ ಸೂರ್ಯ ಮತ್ತೆ ನೆತ್ತಿಗೆ ಬರುವುದು ಮೇ ಮೊದಲ ವಾರ. ಶಾಲೆಗೆ ರಜೆ ಇರುತ್ತದೆ, ಆದರೆ ಮೋಡದ ಕಾಟ ಅಷ್ಟಿರುವುದಿಲ್ಲ. ಒಂದು ಮೀಟರ್ ಕೋಲು ನೆಟ್ಟು, ಈ ಸಲ ಎರಡು ನಿಮಿಷಕ್ಕೊಮ್ಮೆ ಅಳೆ. ಕಾಲಿಗೆ ಚಪ್ಪಲಿ, ತಲೆಗೆ ಬಟ್ಟೆ ಇರಲಿ. ನೆರಳು ಆಗಸ್ಟ್‌ನ ಹೊತ್ತಿಗೇ ಮಾಯವಾಗುವುದಿಲ್ಲ. ಮೊದಲೋ ಆಮೇಲೋ, ಎಷ್ಟು ನಿಮಿಷ ಎಂದು ನಾನು ಹೇಳುವುದಿಲ್ಲ. ರಜೆಗೆ ಸಿಂಧನೂರಿನ ಅಜ್ಜಿ ಮನೆಗೆ ಹೋಗುತ್ತೇನೆ ಎಂದಿದ್ದೀಯ. ಅಲ್ಲೇ ಅಳೆದರೆ ಸಿಂಧನೂರು ಎಂದು ಹಾಳೆಯ ಮೇಲೆ ಬರೆದಿಡು. ಆ ಊರು ಕೊಪ್ಪಳಕ್ಕಿಂತ ಪೂರ್ವಕ್ಕಿದೆ, ಒಂದೆರಡು ನಿಮಿಷದ ವ್ಯತ್ಯಾಸ ಅದರಿಂದಲೂ ಬರುತ್ತದೆ. ಎರಡು ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಏನು ಕಂಡಿತು ಎಂದು ನನಗೆ ಬರಿ.

ಇಂತಿ,
ಸಂಪಾದಕ